ಖಾರದ ಗಿರಣಿಗೆ ಗಾಳಿ ಸೋಸುವ ಪೆಟ್ಟಿಗೆ

ಗಾಳಿ ಸೋಸುವ ಪೆಟ್ಟಿಗೆಗಳನ್ನು ಈಗ ಅಂಗಡಿಯಲ್ಲಿ ಮಾರುತ್ತಾರೆ. ಈಚೆಗೆ ಒಬ್ಬ ಮಾರಾಟಗಾರ ನನ್ನೆದುರು ಅಂಥದೊಂದನ್ನು ಇಟ್ಟು, ಇದರ ಜಾಲರಿ ಎಷ್ಟೇ ಸಣ್ಣ ಧೂಳನ್ನೂ ಬಿಡುವುದಿಲ್ಲ ಎಂದು ಹೊಗಳತೊಡಗಿದ. ಅದಿರಲಿ, ನಿಮಿಷಕ್ಕೆ ಎಷ್ಟು ಗಾಳಿ ಅದರೊಳಗಿಂದ ಹಾಯುತ್ತದೆ ಹೇಳಪ್ಪ ಎಂದೆ. ಅವನು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಈ ವಿಷಯದಲ್ಲಿ ನನ್ನೆದುರು ಬಾಯಿ ಬಿಡುವವರು ಸ್ವಲ್ಪ ಯೋಚಿಸಿ ಬಿಡುವುದು ಒಳ್ಳೆಯದು. ಶಿರಸಿಯಲ್ಲಿ ಇಂಥ ಪೆಟ್ಟಿಗೆಯನ್ನು ಮೊದಲು ಮಾಡಿದವಳು ನಾನೇ. ನನಗಿಂತ ಮೊದಲು ಯಾರಾದರೂ ಮಾಡಿದ್ದರೆ ಬಂದು ಹೇಳಲಿ, ಚಹಾ ಕೊಟ್ಟು ಕೇಳುತ್ತೇನೆ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನನ್ನ ಮದುವೆಯಾಯಿತು. ಧಾರವಾಡದಲ್ಲಿ ಇಂಟರ್ ಸೈನ್ಸ್ ಮುಗಿಸಿ ಶಿರಸಿಯ ಹಿಟ್ಟಿನ ಗಿರಣಿಗೆ ಸೊಸೆಯಾಗಿ ಬಂದೆ. ಗಿರಣಿ ಮುಂದೆ, ಮನೆ ಹಿಂದೆ. ಡೀಸೆಲ್ ಎಂಜಿನ್ ಶುರುವಾದರೆ ಅಡುಗೆಮನೆಯ ತಟ್ಟೆಗಳೂ ನಡುಗುತ್ತಿದ್ದವು. ಗಿರಣಿಯನ್ನು ಕಟ್ಟಿದವರು ನನ್ನ ಅತ್ತೆ. ಮಾವ ಸತ್ತಾಗ ಆ ಜಾಗದಲ್ಲಿ ಇದ್ದದ್ದು ಒಂದು ಹಳೆಯ ಕಾಳಿನ ಅಂಗಡಿ ಮಾತ್ರ. ಬನವಾಸಿ ಕಡೆಯ ಹೆಣ್ಣುಮಗಳು, ಓದು ಬರಹ ಅಷ್ಟಕ್ಕಷ್ಟೆ, ಎಂಜಿನ್ ತರಿಸಿ, ಕಲ್ಲು ಕೂರಿಸಿ, ತಕ್ಕಡಿಯ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟರು. ನಾನು ಬಂದಾಗಲೂ ಅಲ್ಲೇ ಕೂತಿದ್ದರು. ಮಗ, ಅಂದರೆ ನನ್ನ ಯಜಮಾನರು, ಎಂಜಿನ್ ನೋಡಿಕೊಳ್ಳುತ್ತಿದ್ದರು. ಮಾತೆಲ್ಲ ಅತ್ತೆಯದೇ.

ಜೋಳ, ಗೋದಿ, ಅಕ್ಕಿ ಬೀಸುವುದರಿಂದ ತೊಂದರೆ ಇರಲಿಲ್ಲ. ತೊಂದರೆ ತಂದದ್ದು ಖಾರದ ಯಂತ್ರ. ಸಂತೆಯ ದಿನ ಬ್ಯಾಡಗಿ ಮೆಣಸಿನಕಾಯಿ ಚೀಲಗಟ್ಟಲೆ ಬರುತ್ತಿತ್ತು. ಯಂತ್ರ ತಿರುಗಿದೊಡನೆ ಗಾಳಿಯೇ ಕೆಂಪಾಗುತ್ತಿತ್ತು. ಬಂದವರು ಮೂಗಿಗೆ ಸೆರಗು ಅಡ್ಡ ಹಿಡಿದು ಚೀಲ ಕೊಟ್ಟು ಹೊರಗೆ ಓಡುತ್ತಿದ್ದರು. ಅತ್ತೆ ಓಡುವ ಹಾಗಿರಲಿಲ್ಲ, ತಕ್ಕಡಿ ಒಳಗಿತ್ತು. ನಾನು ಬಂದ ಮೂರನೇ ವರ್ಷಕ್ಕೆ ಅವರ ಕೆಮ್ಮು ಉಬ್ಬಸಕ್ಕೆ ತಿರುಗಿತು. ಮಾತಿನ ನಡುವೆ ನಿಲ್ಲಿಸಿ, ಕೈ ಊರಿ, ಉಸಿರಿಗಾಗಿ ಕಾಯುತ್ತಿದ್ದರು.

ಡಾಕ್ಟರರು ಅಡಿಕೆ ತೋಟದ ಸೀಮೆಯವರು, ನಮ್ಮ ಮನೆಗೆ ಬೇಕಾದವರು. ಯಜಮಾನರನ್ನು ಕರೆದು ಹೇಳಿದರು: “ನೋಡು ಮಾರಾಯ, ಈ ಖಾರದ ಧೂಳಲ್ಲಿ ಇವ್ರನ್ನ ಕೂರಿಸ್ಕಂಡು ನಾ ಎಂತ ಔಷಧ ಕೊಟ್ರೂ ಅಷ್ಟೇಯ. ಹಳ್ಳಿಗೆ ಕಳಿಸು.”

ಹಳ್ಳಿ ಎಂದರೆ ಬನವಾಸಿ ಹತ್ತಿರ ಅತ್ತೆಯ ತಮ್ಮನ ಮನೆ. ಒಳ್ಳೆಯ ಜನ, ತಲೆಯ ಮೇಲೆ ಹೊತ್ತು ನೋಡಿಕೊಳ್ಳುತ್ತಿದ್ದರು. ಆದರೆ ಅತ್ತೆಗೆ ಅದು ಗಡೀಪಾರು. ಸತ್ತವರನ್ನು ಕೂರಿಸಿ ಒಯ್ಯುವ ವಿಮಾನದ ಮಾತನ್ನೇ ತೆಗೆದರು: “ನಾ ಈ ಗಿರಣಿ ಬಿಟ್ಟು ಹೋದ್ರ ವಿಮಾನದಾಗ ಕುಂತು ಹೋಗಾಕಿ. ಅದಕ್ಕಿಂತ ಮೊದಲ ಯಾರೂ ನನ್ನ ಎಬ್ಬಸಬ್ಯಾಡ್ರಿ.”

ಯಜಮಾನರು ಅಳುಮೋರೆ ಮಾಡಿದರು. ಖಾರದ ಯಂತ್ರ ನಿಲ್ಲಿಸೋಣ ಎಂದರೆ ಅತ್ತೆ ಒಪ್ಪಲಿಲ್ಲ, ಅದೂ ಅವರೇ ತಂದದ್ದು. ಆಗ ನಾನು ಹೇಳಿದೆ, ಗಾಳಿಯನ್ನೇ ಸ್ವಚ್ಛ ಮಾಡುತ್ತೇನೆ, ಯುಗಾದಿಯವರೆಗೆ ಟೈಮು ಕೊಡಿ. ಡಾಕ್ಟರರು ನಕ್ಕರು, ಆದರೆ ಒಪ್ಪಿದರು. ಯುಗಾದಿಗೆ ಮುಂಚಿನ ಸಂತೆಯ ದಿನ ತಾವೇ ಬಂದು ನೋಡುವುದಾಗಿಯೂ, ಧೂಳು ಹಾಗೇ ಇದ್ದರೆ ಅತ್ತೆ ಅವತ್ತೇ ಬಸ್ಸು ಹತ್ತಬೇಕೆಂದೂ ಕರಾರಾಯಿತು. ಅತ್ತೆ ನನ್ನ ಕಡೆ ನೋಡಿದರು. “ಮಾಡ್ತೀ ಏನು ತಂಗಿ?” ಎಂದರು. ಮಾಡುತ್ತೇನೆ ಎಂದೆ. ನನಗೆ ಅನುಮಾನವೇ ಇರಲಿಲ್ಲ.

ಯಜಮಾನರು ಹುರುಪಿನಲ್ಲಿ ಮೊದಲು ತಮ್ಮ ಉಪಾಯ ಹೂಡಿದರು. ಸಿದ್ದಾಪುರದ ಒಂದು ಅಕ್ಕಿ ಗಿರಣಿಯಲ್ಲಿ ಹೊಟ್ಟು ತೂರುವ ಹಳೆಯ ಫ್ಯಾನು ಬಿದ್ದಿತ್ತು. ಅದನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಬಂದು, ಎಂಜಿನ್ನಿಗೆ ಚರ್ಮದ ಪಟ್ಟಾ ಜೋಡಿಸಿ, ಧೂಳನ್ನೆಲ್ಲ ಕಿಟಕಿಯಿಂದ ಹೊರಗೆ ಊದಿಸಿದರು. ಕಿಟಕಿಯ ಆಚೆ ಪಕ್ಕದ ಮನೆಯ ಅಂಗಳ. ಅವರ ಮನೆಯಲ್ಲಿ ಅವತ್ತು ಬೀಗರ ಊಟ. ಬೀಗರೆಲ್ಲ ಎಲೆಯ ಮುಂದೆ ಕೂತು ಒಟ್ಟಿಗೆ ಸೀನಿದ ಮೇಲೆ ಆ ಉಪಾಯ ಅಲ್ಲಿಗೇ ಮುಗಿಯಿತು. ಫ್ಯಾನು ನನ್ನ ಕೈಗೆ ಬಂತು. ಅದನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಕೋಣೆಯ ಗಾಳಿಯನ್ನು ಬಟ್ಟೆಯ ಮೂಲಕ ಎಳೆದು ಸೋಸಿ ಮತ್ತೆ ಕೋಣೆಗೇ ಬಿಡಬೇಕೆಂಬುದು ನನ್ನ ಉಪಾಯ.

ಕಾಲೇಜಿನಲ್ಲಿ ಕಲಿತದ್ದರಲ್ಲಿ ಒಂದೇ ಮಾತು ನನಗೆ ಉಪಯೋಗಕ್ಕೆ ಬಂದದ್ದು: ಅಳೆಯದೆ ಮಾತಾಡಬೇಡ. ತಕ್ಕಡಿಯೂ ಖಾರದ ಯಂತ್ರವೂ ಇದ್ದ ಕೋಣೆಯನ್ನು ಅಳೆದೆ. ಉದ್ದ ಹನ್ನೆರಡು ಅಡಿ, ಅಗಲ ಹತ್ತು, ಎತ್ತರ ಹತ್ತು. ಒಳಗಿನ ಗಾಳಿ ಸಾವಿರದ ಇನ್ನೂರು ಘನ ಅಡಿ. ಫ್ಯಾನು ಎಷ್ಟು ಗಾಳಿ ತಳ್ಳುತ್ತದೆ ಎಂಬುದನ್ನು ತಿಳಿಯಲು ಮೇಣಗಪ್ಪಡದ ದೊಡ್ಡ ಚೀಲ ಹೊಲಿದೆ. ಉಬ್ಬಿದರೆ ಐವತ್ತು ಘನ ಅಡಿ ಹಿಡಿಯುವ ಚೀಲ. ಅದನ್ನು ಫ್ಯಾನಿನ ಬಾಯಿಗೆ ಕಟ್ಟಿದರೆ ಆರು ಸೆಕೆಂಡಿನಲ್ಲಿ ಹೋರಿಯ ಹಾಗೆ ಉಬ್ಬಿ ನಿಂತಿತು. ನಿಮಿಷಕ್ಕೆ ಐನೂರು ಘನ ಅಡಿ. ಬೀಸಲು ಬಂದವರು ಚೀಲವನ್ನು ನೋಡಿ, ಗಿರಣಿಯ ಸೊಸೆಗೆ ತಲೆ ನೆಟ್ಟಗಿಲ್ಲ ಎಂದು ಸಂತೆಯಲ್ಲಿ ಹೇಳಿಕೊಂಡರಂತೆ. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮುಂದೆ ಬಟ್ಟೆಯ ಪ್ರಶ್ನೆ. ಯಜಮಾನರು ದಪ್ಪ ಬಟ್ಟೆ ಹಾಕು ಎಂದರು, ಧೂಳು ಒಂದು ಕಣವೂ ದಾಟಬಾರದು ಎಂದು. ಹಾಕಿ ತೋರಿಸಿದೆ. ಎರಡಡಿ ಉದ್ದಗಲದ ಚೌಕಟ್ಟಿಗೆ ಬಿಗಿದ ದಪ್ಪ ಮಾದರಪಾಟದ ಬಟ್ಟೆಯ ಮೂಲಕ ಅದೇ ಚೀಲ ತುಂಬಲು ಇಪ್ಪತ್ತೈದು ಸೆಕೆಂಡು ಹಿಡಿಯಿತು. ಎಂದರೆ ನಿಮಿಷಕ್ಕೆ ನೂರಿಪ್ಪತ್ತು ಅಡಿ, ಇಡೀ ಕೋಣೆಯ ಗಾಳಿ ಒಂದು ಸುತ್ತು ಸೋಸಿ ಬರಲು ಹತ್ತು ನಿಮಿಷ. ಖಾರದ ಯಂತ್ರ ಅಷ್ಟರಲ್ಲಿ ಕೋಣೆಯನ್ನು ಎರಡು ಸಲ ಕೆಂಪು ಮಾಡುತ್ತಿತ್ತು. ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಇಳಿಯುವ ಬಿಸಿಲಿನ ಕೋಲು ಎಷ್ಟು ಹೊತ್ತಿಗೆ ಕೆಂಪಾಗುತ್ತದೆಂದು ನೋಡಿ ನೋಡಿ ನಾನು ಅಂದಾಜು ಮಾಡಿದ್ದೆ, ನಾಲ್ಕು ನಿಮಿಷಕ್ಕೊಂದು ಸುತ್ತಾದರೂ ಬೇಕು, ನಿಮಿಷಕ್ಕೆ ಮುನ್ನೂರು ಅಡಿ. ಸ್ವಲ್ಪವೇ ಗಾಳಿಯನ್ನು ಪೂರ್ತಿ ಸೋಸುವ ಬಟ್ಟೆಗಿಂತ, ಬಹಳ ಗಾಳಿಯನ್ನು ಮುಕ್ಕಾಲು ಸೋಸುವ ಬಟ್ಟೆ ಮೇಲು. ಇದನ್ನು ಯಜಮಾನರಿಗೆ ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು. ಆಮೇಲೆ ಅವರು ಫ್ಯಾನನ್ನೇ ಎರಡರಷ್ಟು ಜೋರಾಗಿ ತಿರುಗಿಸೋಣ ಎಂದು ಪಟ್ಟಾ ಸುತ್ತುವ ಗಾಲಿ ಬದಲಿಸಿದರು. ಗಾಳಿ ಎರಡರಷ್ಟಾದರೆ ಎಂಜಿನ್ನಿನ ಶ್ರಮ ಎಂಟರಷ್ಟಾಗುತ್ತದೆ ಎಂದೆ. ಕೇಳಲಿಲ್ಲ. ಎಂಜಿನ್ ಕರಿ ಹೊಗೆ ಉಗುಳಿ ಕೂತ ಮೇಲೆ ತಾವೇ ಹಳೆಯ ಗಾಲಿ ತಂದು ಹಾಕಿದರು.

ನಾನು ಬಟ್ಟೆಯ ದಪ್ಪ ಬಿಟ್ಟು ಹರವಿನ ಮೇಲೆ ಕೈಯಿಟ್ಟೆ. ಎಂಟು ಮೊಳ ಅಗಲದ ಸಂದಿಯಲ್ಲಿ ನುಸುಳುವ ಗಾಳಿ ಒಂದು ಮೊಳದ ಸಂದಿಯಲ್ಲಿ ನುಗ್ಗುವುದಕ್ಕಿಂತ ನಿಧಾನ ಹೋಗುತ್ತದೆ, ನಿಧಾನ ಹೋದರೆ ತಡೆಯೂ ಕಡಿಮೆ. ಪೆಟ್ಟಿಗೆ ಅಷ್ಟು ದೊಡ್ಡದಾದರೆ ಕೋಣೆಯಲ್ಲಿ ನಾವಿರಲು ಜಾಗವಿರುವುದಿಲ್ಲ. ಆದರೆ ಒಂಬತ್ತು ಗಜದ ಸೀರೆಯನ್ನು ಒಂದು ಸೊಂಟಕ್ಕೆ ಹೊಂದಿಸುವ ಕೆಲಸವನ್ನು ದಿನಾ ಬೆಳಿಗ್ಗೆ ಮಾಡುವವರಿಗೆ ಇದೇನು ದೊಡ್ಡ ಕಷ್ಟ? ಯಲ್ಲಾಪುರದ ಸಾಗವಾನಿ ತುಂಡುಗಳಿಂದ ಬಡಿಗೇರ ಚೌಕಟ್ಟು ಮಾಡಿಕೊಟ್ಟ. ಅದರಲ್ಲಿ ಮರದ ಪಟ್ಟಿಗಳನ್ನು ನಿಲ್ಲಿಸಿ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಸುತ್ತಿದೆ. ಹೊಸ ಬಟ್ಟೆಯ ಗಂಜಿ ನೂಲಿನ ಸಂದಿ ಮುಚ್ಚಿ ಗಾಳಿ ತಡೆಯುತ್ತದೆಂದು ಬಿಸಿನೀರಿನಲ್ಲಿ ಮತ್ತೆ ಮತ್ತೆ ಹಿಂಡಿ ಮೆತ್ತಗೆ ಮಾಡಿಕೊಂಡಿದ್ದೆ. ನಾಲ್ಕು ಚದರಡಿಯ ಜಾಗದಲ್ಲಿ ಮೂವತ್ತೆರಡು ಚದರಡಿಯ ಬಟ್ಟೆ. ಚೀಲ ಎಂಟು ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ ಮುನ್ನೂರ ಎಪ್ಪತ್ತೈದು. ಬಟ್ಟೆಗೆ ಧೂಳು ಕೂತು ಗಾಳಿ ಸ್ವಲ್ಪ ಕಡಿಮೆಯಾದರೂ ಮುನ್ನೂರಕ್ಕೆ ಕೊರತೆ ಬಾರದು. ಹಿಟ್ಟು ಚೆಲ್ಲಿದ ಹಲಗೆಯ ಮೇಲೆ ಬೆರಳಿನಿಂದ ಈ ಲೆಕ್ಕ ಬರೆದು ಅತ್ತೆಗೆ ತೋರಿಸಿದೆ. ಅವರಿಗೆ ಅಂಕಿ ಹಿಡಿಸಲಿಲ್ಲ, ಬಿಸಿಲಿನ ಕೋಲು ತಿಳಿಯಾದದ್ದು ಹಿಡಿಸಿತು. ಎರಡು ಸಂತೆ ಚೆನ್ನಾಗಿ ನಡೆಯಿತು. ಕೆಮ್ಮು ತಗ್ಗುತ್ತಾ ಬಂತು. ಒಗೆಯುವಾಗ ಬದಲಿಸಲು ಇನ್ನೊಂದು ಜೋಡಿ ಬಟ್ಟೆಯನ್ನೂ ಮಾಡಿಟ್ಟೆ.

ಡಾಕ್ಟರರು ಬರುವ ಸಂತೆ ಬಂತು. ಮಾತು ಕೊಟ್ಟಾಗಿದೆಯೆಂದು ಯಜಮಾನರು ಅತ್ತೆಯ ಸೀರೆ ಕಟ್ಟಿದ ಗಂಟನ್ನು ಬಾಗಿಲ ಬಳಿ ಇಟ್ಟಿದ್ದರು, ಅದನ್ನು ಕಂಡು ನನಗೆ ನಗು ಬಂದಿತ್ತು. ಎಂಜಿನ್ ಶುರುವಾಯಿತು, ಫ್ಯಾನು ತಿರುಗಿತು, ಖಾರದ ಯಂತ್ರಕ್ಕೆ ಮೆಣಸಿನಕಾಯಿ ಸುರಿದರು. ಅರೆಗಳಿಗೆಯಲ್ಲಿ ಬಿಸಿಲಿನ ಕೋಲು ಇಟ್ಟಂಗಿಯ ಕೆಂಪಿಗೆ ತಿರುಗಿತು. ಡಾಕ್ಟರರು ಕರವಸ್ತ್ರ ತೆಗೆದರು. ಅತ್ತೆ ಕೆಮ್ಮಲು ತೊಡಗಿದರು. ಆ ಹೊತ್ತಿನಲ್ಲಿ ಯಜಮಾನರು ನನ್ನ ಹತ್ತಿರ ಬಂದು, “ಎಂಜಿನ್ ಇವತ್ತು ಭಾಳ ಹಗುರ ಓಡಾಕತ್ತೈತಿ” ಎಂದರು.

ಆ ಮಾತು ಕೇಳಿದ್ದೇ ನನಗೆ ಗೊತ್ತಾಯಿತು. ಗಾಳಿ ಸಾಗದಿದ್ದರೆ ಫ್ಯಾನಿಗೆ ಕೆಲಸವೇ ಇಲ್ಲ, ಸುಮ್ಮನೆ ತಿರುಗುತ್ತದೆ, ಎಂಜಿನ್ನಿಗೆ ಭಾರವೇ ಬೀಳುವುದಿಲ್ಲ. ಹೋಗಿ ಬಟ್ಟೆ ಮುಟ್ಟಿದೆ. ನೆರಿಗೆಗಳು ಕಾಗದದ ಹಾಗೆ ಗರಿಗರಿಯಾಗಿ ನಿಂತಿದ್ದವು. ನೋಡಲು ಬಹಳ ಚೆಂದ.

“ಅತ್ತಿ, ಇದಕ್ಕ ಗಂಜಿ ಹಾಕೀರೇನ್ರಿ?”

ಕೆಮ್ಮಿನ ನಡುವೆ ತಲೆಯಾಡಿಸಿದರು. “ಡಾಕ್ಟರು ಬರಾಂವ ಇದ್ದ. ಜೋತುಬಿದ್ದ ಅರಿವಿ ತೋರಸಬೇಕೇನು ಮಂದಿಗೆ?”

ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಎಂದರೆ ಗಂಜಿ ಹಾಕಿದ ಬಟ್ಟೆ. ಧೋತರ, ಸೀರೆ, ದಿಂಬಿನ ಚೀಲ, ಅಂಗಿಯ ಕಾಲರು, ಎಲ್ಲಕ್ಕೂ ಅನ್ನದ ತಿಳಿ ಬಿದ್ದೇ ಬೀಳಬೇಕು. ಅತ್ತೆ ಹಿಂದಿನ ದಿನವೇ ನನಗೆ ಹೇಳದೆ, ನನ್ನ ಮರ್ಯಾದೆ ಉಳಿಸಲಿಕ್ಕೆಂದೇ ಆ ಕೆಲಸ ಮಾಡಿದ್ದರು. ನನಗೆ ಬಂದ ಸಿಟ್ಟಿಗೆ ಆ ಚೌಕಟ್ಟನ್ನು ಎತ್ತಿ ಎಸೆಯಬೇಕು ಎನ್ನಿಸಿತು. ಇನ್ನೊಂದು ಜೋಡಿ ಬಟ್ಟೆ ನೀರಿನಲ್ಲಿ ನೆನೆಯುತ್ತಿತ್ತು, ಒದ್ದೆ ಬಟ್ಟೆಯೂ ಗಾಳಿ ಬಿಡದು. ಯಂತ್ರ ನಿಲ್ಲಿಸಿ ಅತ್ತೆಯನ್ನು ಜಗುಲಿಗೆ ಕರೆತಂದೆವು. ಡಾಕ್ಟರರು ಸೂಜಿ ಚುಚ್ಚಿದರು. ಅತ್ತೆಯ ತುಟಿ ನೀಲಿಗಟ್ಟಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿದು ಭಯ ಹತ್ತಿತು. ಯಜಮಾನರು ಗಂಟು ಎತ್ತಿಕೊಂಡರು.

“ಗಂಜಿ ಇಲ್ಲದ ಅರಿವಿ ಈ ಮನ್ಯಾಗ ಒಂದೂ ಇಲ್ಲೇನ್ರಿ?” ಎಂದು ಕೇಳಿದೆ.

ಅತ್ತೆಗೆ ಉಸಿರು ಸ್ವಲ್ಪ ಹದಕ್ಕೆ ಬಂತು. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಹಾಕಿದರು. “ನನ್ನ ಟ್ರಂಕಿನಾಗ ತಳಕ್ಕ ನೋಡು.”

ಟ್ರಂಕಿನ ತಳದಲ್ಲಿ ಹಳೆಯ ಹತ್ತಿ ಸೀರೆಗಳಿದ್ದವು. ಉಟ್ಟು ಒಗೆದು, ಉಟ್ಟು ಒಗೆದು, ಕೆನೆಯಷ್ಟು ಮೆತ್ತಗಾದವು, ಗಂಜಿಯ ಸೋಂಕಿಲ್ಲ. ಅವುಗಳ ಜೊತೆಗೆ ಅಂಗೈಯಷ್ಟೇ ಅಗಲದ, ಕೂಸಿನ ತಲೆಗೆ ಹಾಕುವ ಎರಡು ಕುಲಾಯಿ. ಹುಟ್ಟುವ ಮಗುವಿನ ಕೌದಿಗೆ, ಹಾಸಿಗೆಗೆ, ಮೈಗೆ ಒತ್ತಬಾರದೆಂದು ಗಂಜಿ ತೆಗೆದು ಎತ್ತಿಟ್ಟ ಬಟ್ಟೆ ಅವು. ಮದುವೆಯಾಗಿ ಮೂರು ವರ್ಷವಾಗಿತ್ತು, ನನಗೆ ಮಕ್ಕಳಾಗಿರಲಿಲ್ಲ. ಅತ್ತೆ ಆ ಬಗ್ಗೆ ಒಂದು ದಿನವೂ ಒಂದು ಮಾತು ಎತ್ತಿರಲಿಲ್ಲ. ಅವರಿಗೆ ಗಿರಣಿಯೊಂದಿದ್ದರೆ ಸಾಕು, ಮೊಮ್ಮಕ್ಕಳ ಚಿಂತೆ ಇಲ್ಲ ಎಂದೇ ನಾನು ತಿಳಿದಿದ್ದೆ.

ಸೀರೆಗಳನ್ನು ತಂದು ಅವರ ಮುಂದಿಟ್ಟೆ. ಹರಿಯಲು ಕೈ ಬರಲಿಲ್ಲ. ಇವು ಬೇಡ ಅತ್ತಿ, ಇವನ್ನು ನೀವು ಯಾತಕ್ಕೆ ಇಟ್ಟಿದ್ದೀರಿ ಅಂತ ನನಗೆ ಗೊತ್ತಾತು ಎಂದೆ.

“ಅದು ಬರೋತನಕ ನಾ ಉಸಿರಾಡಬೇಕಲ್ಲ” ಎಂದರು. “ಹರಿ.”

ಹರಿದೆ. ಯಜಮಾನರು ಗಂಟು ಕೆಳಗಿಟ್ಟು ಪಟ್ಟಿ ಹಿಡಿದರು, ನಾನು ನೆರಿಗೆ ಹಾಕಿದೆ. ಡಾಕ್ಟರರು ಹೊತ್ತಾಯಿತೆಂದು ಎದ್ದವರು ನಮ್ಮ ಅವಸರ ನೋಡಿ ಮತ್ತೆ ಕೂತರು. ಮತ್ತೆ ಎಂಜಿನ್ ಶುರುಮಾಡಿದೆವು. ಈ ಸಲ ಫ್ಯಾನಿನ ಭಾರಕ್ಕೆ ಅದು ಒಂದು ಸಲ ತಗ್ಗಿ, ಆಮೇಲೆ ಹಿಡಿದುಕೊಂಡಿತು. ಆ ಸದ್ದೇ ನನಗೆ ಸಾಕಾಗಿತ್ತು, ಚೀಲ ಕಟ್ಟಿ ಅಳೆಯುವ ಅಗತ್ಯವಿರಲಿಲ್ಲ. ಮೆಣಸಿನಕಾಯಿ ಸುರಿದರು. ಯಂತ್ರದ ಬಾಯಿಯ ಹತ್ತಿರ ಕೆಂಪು ಎದ್ದು, ಪೆಟ್ಟಿಗೆಯ ಕಡೆ ಬಾಗಿ, ಒಳಗೆ ಹೋಯಿತು. ತಕ್ಕಡಿಯ ಮೇಲಿನ ಬಿಸಿಲು ಬಿಳಿಯಾಗಿಯೇ ಉಳಿಯಿತು. ಡಾಕ್ಟರರು ಒಳಗೆ ಹೋಗಿ ನಿಂತರು, ಕರವಸ್ತ್ರ ಮಡಚಿ ಜೇಬಿಗಿಟ್ಟರು.

“ಮಳೆಗಾಲ ಮುಗಿವರೆಗೆ ಇಲ್ಲೇ ಇರಲಿ, ಮತ್ತೆ ನೋಡ್ವ” ಎಂದರು.

ಅತ್ತೆ ಗೋಡೆ ಹಿಡಿದು ಎದ್ದು, ಯಾರ ಕೈಯನ್ನೂ ಕೇಳದೆ ತಮ್ಮ ಮಣೆಯ ಮೇಲೆ ಹೋಗಿ ಕೂತರು. ಯಜಮಾನರು ಗಂಟನ್ನು ಒಳಗೆ ಒಯ್ದರು.

ಮಳೆಗಾಲ ಮುಗಿದ ಮೇಲೆ ಅವರನ್ನು ಹಳ್ಳಿಗೆ ಕಳಿಸುವ ಮಾತು ಯಾರೂ ಎತ್ತಲಿಲ್ಲ. ಅದರ ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು. ತವರಿನಿಂದ ಅವಳನ್ನು ಕರೆದುಕೊಂಡು ಬಂದದ್ದು ಸಂತೆಯ ದಿನ, ಗಿರಣಿಯ ತುಂಬ ಜನ. ಅತ್ತೆ ತಕ್ಕಡಿ ಬಿಟ್ಟು ಏಳಲಿಲ್ಲ, ಎರಡೂ ಕೈ ಚಾಚಿದರು. ಎಂಜಿನ್ನಿನ ಸದ್ದಿಗೆ ಮಗು ಅಳತೊಡಗಿತು. ಅದು ಸುಮ್ಮನಾಗುವವರೆಗೂ ಅತ್ತೆ ಜೋಗುಳ ಹಾಡಿದರು, ಕೊನೆಯವರೆಗೆ, ನಡುವೆ ಎಲ್ಲೂ ನಿಲ್ಲಿಸದೆ.