ಸ್ಪೇನಿನ ಅರಸನಿಗೆ ಅಕ್ಕ ಇರಲಿಲ್ಲವೇ?

ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಳ್ಳಾರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಚರಿತ್ರೆ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದು ನಾನು ಹೇಳಿಕೊಳ್ಳುವುದು. ಮಕ್ಕಳ ಪಾಲಿಗೆ ಅದು ಊಟವಾದ ಮೇಲೆ ತೂಕಡಿಸುವ ಹೊತ್ತು. ಪುಸ್ತಕದಲ್ಲಿ ಒಂದು ದೇಶದ ಅರಸರು ಸತ್ತು ಮುಗಿದರೆ ಇನ್ನೊಂದು ದೇಶದವರು ಸಾಯಲು ಶುರು. ನನಗೋ ಮೂಗಿನ ತುದಿಯಲ್ಲೇ ಕೋಪ. ಬೆತ್ತದಿಂದ ಮೇಜಿಗೆ ಬಡಿದು ಬಡಿದು ಮೇಜಿನ ಒಂದು ಮೂಲೆ ಸವೆದಿತ್ತು.

ಒಂದು ದಿನ ಸ್ಪೇನಿನ ಅರಸ ಮಕ್ಕಳಿಲ್ಲದೆ ತೀರಿಕೊಂಡದ್ದು, ಸಿಂಹಾಸನಕ್ಕಾಗಿ ಅರ್ಧ ಯುರೋಪು ವರ್ಷಗಟ್ಟಲೆ ಬಡಿದಾಡಿದ್ದು ಹೇಳುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ತುಳು ಮಾತಾಡುವ, ಜಮೀನುದಾರರ ದೊಡ್ಡ ಗುತ್ತಿನ ಮನೆಯವಳು, ತರಗತಿಯಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ.

"ಟೀಚರ್, ಆ ಅರಸನಿಗೆ ಅಕ್ಕ-ತಂಗಿ ಯಾರೂ ಇರ್ಲಿಲ್ವಾ?"

"ಇದ್ದರು."

"ಅವರಿಗೆ ಮಕ್ಕಳು?"

"ಇದ್ದರು."

"ಮತ್ತೆ ಎಂತಕ್ಕೆ ಯುದ್ಧ?"

ತರಗತಿಯ ಅರ್ಧ ಭಾಗ ಹೌದು ಹೌದು ಎಂದು ತಲೆಯಾಡಿಸಿತು. ಅವರ ಮನೆಗಳಲ್ಲಿ ಅಳಿಯಕಟ್ಟು. ಮನೆ, ಗದ್ದೆ, ತೋಟ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುವುದು, ಸೋದರಮಾವನ ಯಜಮಾನಿಕೆ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುವುದು. ಆಸ್ತಿ ಹಂಚಿಕೆಗೆ ಹೊಸ ಕಾನೂನು ಬಂದು ಕೆಲವು ವರ್ಷವಾಗಿದ್ದರೂ ಮನೆಯೊಳಗೆ ನಡೆಯುತ್ತಿದ್ದದ್ದು ಹಳೆಯ ಕಟ್ಟೇ. ಇನ್ನರ್ಧ ಮನೆಯಲ್ಲಿ ಅರೆಭಾಷೆ ಎಂಬ ಕನ್ನಡ ಆಡುವ ನಮ್ಮ ಜನರ ಮಕ್ಕಳು. ಅವರಲ್ಲೊಬ್ಬ ಹಿಂದಿನಿಂದ ಕೂಗಿದ: "ನಮ್ಮಲ್ಲಿ ಅಳಿಯ ಬಂದ್ರೆ ಕೋಳಿ ಸಾರು ಸಿಗುದು, ತೋಟ ಸಿಗುದಿಲ್ಲ!" ನಮ್ಮದು ಮಕ್ಕಳಕಟ್ಟು. ಗಂಡುಮಕ್ಕಳಿಗೆ ತೋಟ, ಹೆಣ್ಣುಮಕ್ಕಳಿಗೆ ಒಂದು ಹಿತ್ತಾಳೆ ಚೆಂಬು ಮತ್ತು ಬೇಕಾದಷ್ಟು ಬುದ್ಧಿಮಾತು. ನನ್ನ ಚೆಂಬು ಈಗಲೂ ಉಂಟು.

ಆ ದಿನ ಯಾರೂ ತೂಕಡಿಸಲಿಲ್ಲ. ಸರಿ, ನನಗೆ ದಾರಿ ಸಿಕ್ಕಿತು. ಅಲ್ಲಿಂದ ಯಾವ ದೇಶಕ್ಕೆ ಹೋದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಜಮಾನ ಹೋದ ಮೇಲೆ ಮನೆ ಯಾರಿಗೆ? ತುರ್ಕಿಯಲ್ಲಿ ಸುಲ್ತಾನನಾದವನು ತಮ್ಮಂದಿರನ್ನೇ ಮುಗಿಸಿಬಿಡುತ್ತಿದ್ದ ಕಾಲವಿತ್ತು ಎಂದಾಗ ತರಗತಿಯಲ್ಲಿದ್ದ ತಮ್ಮಂದಿರೆಲ್ಲ ಗಾಬರಿಯಾದರು. ಚೀನಾ ಮಕ್ಕಳಕಟ್ಟಿನವರ ಪಕ್ಷಕ್ಕೆ ಬಂತು. ಆಫ್ರಿಕಾದ ಕೆಲವು ಜನ, ಅಮೆರಿಕದ ಮೂಲನಿವಾಸಿಗಳಲ್ಲಿ ಕೆಲವರು ತಾಯಿಯ ಕಡೆಯಿಂದಲೇ ಲೆಕ್ಕ ಹಿಡಿಯುವವರು ಎಂದಾಗ ಅಳಿಯಕಟ್ಟಿನ ಬೆಂಚುಗಳು ವಾಲಿಬಾಲ್ ಗೆದ್ದವರ ಹಾಗೆ ಚಪ್ಪಾಳೆ ಹೊಡೆದವು. ಹೆಡ್‌ಮಾಸ್ಟ್ರು ಬಾಗಿಲಲ್ಲಿ ಇಣುಕಿ, "ಪಾಠ ನಡೀತಾ ಉಂಟಾ, ಪಂಚಾಯ್ತಿಕೆಯಾ?" ಎಂದು ಕೇಳಿ ಹೋದರು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ನಾನು, "ಮನೆಗೆ ಹೋಗಿ ಹಿರಿಯರ ಹತ್ತಿರ ಕೇಳಿ ಬನ್ನಿ, ನಮ್ಮ ಕಟ್ಟು ಹೀಗೇ ಯಾಕೆ ಅಂತ" ಎಂದುಬಿಟ್ಟೆ. ಹುತ್ತಕ್ಕೆ ಕೈ ಹಾಕಿದ ಹಾಗಾಯಿತು.

ಮೂರನೆಯ ದಿನ ಆ ಹುಡುಗಿಯ ಸೋದರಮಾವ ಬಸ್ಸಿಳಿದು ನೇರ ನನ್ನ ತರಗತಿಗೇ ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಮುಖ ಮಾತ್ರ ಕೆಂಪು. ಅವರೇ ಆ ಮನೆಯ ಯಜಮಾನರು. ಪುತ್ತೂರು ಕೋರ್ಟಿನಲ್ಲಿ ಪಾಲಿನ ವ್ಯಾಜ್ಯ ಯಾರದ್ದಿದ್ದರೂ ಸಲಹೆ ಇವರದ್ದೇ ಎಂದು ಊರೆಲ್ಲ ಹೇಳುತ್ತಿತ್ತು.

"ಟೀಚರ್, ನೀವು ಪಾಠ ಮಾಡುದು ರಾಜರದ್ದೋ, ನಮ್ಮ ಮನೆಯದ್ದೋ? ನನ್ನ ಹೆಂಡತಿ ಎರಡು ದಿನದಿಂದ ನನ್ನ ಹತ್ತಿರ ಮಾತಾಡುದಿಲ್ಲ. ಇಡೀ ಲೋಕದಲ್ಲಿ ಅಪ್ಪನದ್ದು ಮಕ್ಕಳಿಗೆ ಅಂತೆ, ನಿಮಗೆ ಮಾತ್ರ ಎಂತ ಕೊಂಬು ಅಂತ ಕೇಳಿ ಮಾತು ಬಿಟ್ಟದ್ದು. ಈ ಹುಡುಗಿ ನಾಳೆಯಿಂದ ಶಾಲೆಗೆ ಬರುದಿಲ್ಲ. ಸಂಬಂಧ ಒಂದು ಬಂದುಂಟು, ಮದುವೆ ಮಾಡಿಬಿಡ್ತೇವೆ."

ಹುಡುಗಿ ಪುಸ್ತಕ ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಷ್ಟು ಒಳ್ಳೆಯ ತಲೆಯನ್ನು ನನ್ನ ಬಾಯಿ ಮನೆಗೆ ಕಳಿಸುತ್ತಿತ್ತು. ಬೇಡಿಕೊಂಡರೆ ಕೇಳುವ ಜನ ಅಲ್ಲ ಅದು; ಬೇಡಿಕೊಳ್ಳಲು ನನಗೂ ಬಾರದು.

"ಇಡೀ ಲೋಕದಲ್ಲಿ ಅಂತ ನಾನು ಹೇಳೇ ಇಲ್ಲ. ಹೇಳಿದ್ದು ಎಂತ ಅಂತ ಕೂತು ಕೇಳಿ, ಮತ್ತೆ ಕರ್ಕೊಂಡು ಹೋಗಿ," ಎಂದು ಹಿಂದಿನ ಬೆಂಚು ತೋರಿಸಿದೆ. ಕೂತರು. ಬೆಂಚು ಗಿಡ್ಡ, ಮೊಣಕಾಲು ಗಲ್ಲಕ್ಕೆ ಬಂತು. ನಾನು ಸ್ಪೇನನ್ನೇ ಮತ್ತೆ ಮೊದಲಿನಿಂದ ಎತ್ತಿಕೊಂಡೆ. ಅರಸ ಸಾಯುವಾಗ ಅಕ್ಕನ ಮೊಮ್ಮಗನಿಗೆ ರಾಜ್ಯ ಬರೆದಿಟ್ಟ, ಅದಕ್ಕೇ ಜಗಳ ಎಂದೆ.

"ತಡೀರಿ. ಅಕ್ಕನ ಮೊಮ್ಮಗ ಅಂದ್ರೆ ಮಗಳ ಮಗನೋ, ಮಗನ ಮಗನೋ?"

"ಮಗನ ಮಗ. ಆ ಅಕ್ಕನ ತಾಯಿ ಬೇರೆ, ಅರಸನ ತಾಯಿ ಬೇರೆ."

"ಎಂತ ಮಾರಾಯ್ರೆ! ಹಾಗಾದ್ರೆ ಅವಳು ಆ ಮನೆಯವಳೇ ಅಲ್ಲ! ಒಂದೇ ತಾಯಿಯ ಅಕ್ಕ ಇರ್ಲಿಲ್ವಾ?"

"ಒಬ್ಬಳಿದ್ದಳು. ಅವಳ ಮಗಳಿಗೆ ಒಬ್ಬ ಮಗ."

"ಅದು! ಅವನೇ ಸರಿಯಾದ ಹಕ್ಕುದಾರ. ಅವನೆಂತ ಮಾಡಿದ?"

"ಅರಸನಿಗಿಂತ ಮೊದಲೇ ತೀರಿಕೊಂಡ. ಸಣ್ಣ ಮಗು."

ಯಜಮಾನರು "ಛೆ ಛೆ" ಎಂದು ಹೆಗಲ ಮೇಲಿನ ಶಾಲಿನಿಂದ ಮುಖ ಒರೆಸಿಕೊಂಡರು. ಸ್ಪೇನಿನಲ್ಲಿ ಸಹ ಆ ಮಗುವಿಗಾಗಿ ಅಷ್ಟು ಬೇಸರಪಟ್ಟವರು ಇದ್ದರೋ ಇಲ್ಲವೋ. ಆಮೇಲೆ ಮಕ್ಕಳಕಟ್ಟಿನ ಹುಡುಗರಿಗೂ ಅವರಿಗೂ ಹತ್ತಿದ ವಾದ ಬೆಲ್ಲು ಹೊಡೆದರೂ ನಿಲ್ಲಲಿಲ್ಲ.

ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಆ ಹುಡುಗಿ, ಅವರ ಸೋದರಸೊಸೆ, ಅವರ ಮುಂದೆ ಬಂದು ನಿಂತು, ನೆಲ ನೋಡುತ್ತ ಹೇಳಿದಳು: "ಮಾವ, ಮನೆ ಇಳಿಯುದು ನನ್ನಿಂದ ಅಲ್ವಾ? ನಾಳೆ ಕೋರ್ಟಿನ ಕಾಗದ ಬಂದ್ರೆ ಓದ್ಲಿಕ್ಕೆ ನಾನು ಯಾರನ್ನು ಹುಡುಕುದು?"

ಅವರು ಬೆಂಚಿನಿಂದ ಎದ್ದರು. ನನ್ನ ಕಡೆಗೆ ತಿರುಗಿ, ಬೇರೆಯೇ ಸ್ವರದಲ್ಲಿ ಹೇಳಿದರು: "ಹೆಂಡತಿ ಮಾತು ಬಿಟ್ಟದ್ದು ಹೋಗ್ಲಿ ಟೀಚರ್. ನನ್ನ ಸಣ್ಣ ಮಗಳು ಕೇಳಿದ್ಳು, ಅಪ್ಪಾ, ಹಾಗಾದ್ರೆ ನೀನು ನನಗೆ ಎಂತ ಕೊಡ್ತಿ ಅಂತ." ಕೊಡೆ ಎತ್ತಿಕೊಂಡು ಸೊಸೆಯೊಡನೆ ಹೊರಟೇಬಿಟ್ಟರು. ನಾಳೆ ಅವಳು ಬರುವಳೋ ಇಲ್ಲವೋ ಹೇಳಲಿಲ್ಲ. ಮರುದಿನ ಮುಂದಿನ ಬೆಂಚು ಖಾಲಿ. ಅದರ ಮರುದಿನವೂ ಖಾಲಿ. ನಾನು ಯಾವ ದೇಶದ ಪಾಠ ಮಾಡಿದೆನೋ ನೆನಪಿಲ್ಲ, ಮಕ್ಕಳಿಗೆ ಬೈದದ್ದು ಮಾತ್ರ ನೆನಪುಂಟು.

ಸೋಮವಾರ ಬೆಳಿಗ್ಗೆ ಯಜಮಾನರು ಮತ್ತೆ ಬಂದರು. ಸೊಸೆ ನೇರವಾಗಿ ತನ್ನ ಬೆಂಚಿಗೆ ಹೋಗಿ ಕೂತಳು. ಅವರ ಕೈಹಿಡಿದುಕೊಂಡು ಇನ್ನೊಬ್ಬಳು ನಿಂತಿದ್ದಳು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದ ಆ ಸಣ್ಣ ಮಗಳು.

"ಇವಳನ್ನೂ ಸೇರಿಸಿಕೊಳ್ಳಿ ಟೀಚರ್," ಎಂದರು. "ಇವಳ ಮನೆ ಇವಳ ತಾಯಿಯ ಕಡೆ ಉಂಟು. ಅಪ್ಪನ ಕೈಯಿಂದ ಕೊಡ್ಲಿಕ್ಕೆ ಇರುದು ಇದೊಂದೇ."