ಹೊಳೆಯಲ್ಲಿ ಬಿಟ್ಟು ಬಂದ ‘ಅವನು’

ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಅದು ತೊಂಬತ್ತೆಂಟೋ, ತೊಂಬತ್ತೊಂಬತ್ತೋ. ಕಪಿಲೆ ಆವತ್ತು ತುಂಬಿತ್ತೋ, ಆಮೇಲೆ ನಾನೇ ತುಂಬಿಸಿದೆನೋ! ಆದರೆ ಆ ಹೆಜ್ಜೆಗಳು ಮಾತ್ರ ನನ್ನ ಕಲ್ಪನೆಯಲ್ಲ. (ಹಾಗಂತ ನಂಬಿದ್ದೇನೆ.)

ನಂಜನಗೂಡಿನ ಛತ್ರವೊಂದರಲ್ಲಿ ಕುಡಿತ ಬಿಡಿಸುವ ಶಿಬಿರ. ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಿದ್ದ ನಮ್ಮ ಚಿಕ್ಕಪ್ಪ ಅಲ್ಲಿದ್ದರು. ಕೊನೆಯ ದಿನ ಅವರನ್ನು ಕರೆತರಲು ಹೆಮ್ಮಿಗೆಯಿಂದ ಬಂದ ಚಿಕ್ಕವ್ವನ ಜೊತೆ ನಾನೂ ಹೋಗಿದ್ದೆ.

ಬೆಳಿಗ್ಗೆ ಗಂಡಸರನ್ನೆಲ್ಲ ಹೊಳೆಗಿಳಿಸಿ ಮುಳುಗು ಹಾಕಿಸಿದರು.

“ಕುಡೀತಿದ್ದೋನು ಇವತ್ತು ಸತ್ತ. ಅವನನ್ನ ಇಲ್ಲೇ ಬಿಟ್ಟು ಬನ್ನಿ. ತಿರುಗಿ ನೋಡ್ಬೇಡಿ” ಅಂದರು ಶಿಬಿರದ ಮೇಷ್ಟ್ರು.

ಸುಡುಗಾಡಿನಿಂದ ಬರುವವರ ಹಾಗೆ ಎಲ್ಲರೂ ಮಾತಿಲ್ಲದೆ ಮೆಟ್ಟಿಲು ಹತ್ತಿದರು. ನಾನು ತಿರುಗಿ ನೋಡಿದೆ. ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು. ಎಲ್ಲವೂ ಊರ ಕಡೆಗೆ. ನೀರಿನ ಕಡೆಗೆ ಒಂದೂ ಇಲ್ಲ. ಇಳಿಯುವಾಗ ಕಾಲು ಒಣಗಿತ್ತು, ಅಷ್ಟೇ ತಾನೆ? ಆದರೂ, ಎಲ್ಲರೂ ಮೇಲೆ ಬಂದರೆ, ಹೊಳೆಯಲ್ಲಿ ಉಳಿದವನು ಯಾರು?

ಆಮೇಲೆ ಹೆಂಗಸರನ್ನು ಅಡುಗೆಮನೆ ಕಡೆ ಹೂ ಕಟ್ಟಲು ಕೂರಿಸಿದರು. ಗಂಡ ಹೆಂಡಿರು ಮತ್ತೆ ಹಾರ ಬದಲಾಯಿಸುವ ಶಾಸ್ತ್ರವಿತ್ತು. ಅದೇ ಹೊತ್ತಿಗೆ ಹಾಲ್‌ನಲ್ಲಿ ಗಂಡಸರಿಗೆ ಮಾತ್ರ ಆಸ್ಪತ್ರೆಯ ಸಿಸ್ಟರ್ ಪಾಠ. ನಾನು ಬಾಗಿಲ ಮರೆಯಲ್ಲಿದ್ದೆ.

“ಅಮಲಲ್ಲಿ ಯಾರ ಹತ್ರ ಹೋಗಿದ್ರಿ ಅಂತ ನಾನು ಕೇಳಲ್ಲ. ಎಲ್ರೂ ಪರೀಕ್ಷೆ ಮಾಡಿಸ್ಕೊಳ್ಳಿ, ಮನೆಯವರಿಗೂ ಮಾಡ್ಸಿ. ಎಷ್ಟೋ ಕಾಯಿಲೆ ಒಳಗಿದ್ರೂ ಗೊತ್ತಾಗಲ್ಲ. ಅಲ್ಲೀವರೆಗೂ ನಿರೋಧ್ ಬಳಸಿ.”

“ಓಗಿದ್ರೆ ಅವ್ನು ಓಗವ್ನೆ ಸಿಸ್ಟ್ರೇ, ನಾವಲ್ಲ!” ಅಂದ ಒಬ್ಬ. ಜೋರು ನಗು.

“ಅವನ ರಕ್ತ ಬೇರೆ, ನಿನ್ನ ರಕ್ತ ಬೇರೆ ಏನಪ್ಪಾ?”

ನಗು ನಿಂತಿತು.

ಹಂಚಿದ ನಿರೋಧ್ ಪೊಟ್ಟಣಗಳನ್ನು ಒಬ್ಬೊಬ್ಬರೇ ಕಿಟಕಿಯ ಕಟ್ಟೆಗೆ ಇಟ್ಟು ಎದ್ದರು. ಚಿಕ್ಕಪ್ಪನೂ. “ಸತ್ತೋನ ಸಾಮಾನ ಮನೆಗೆ ತಕ್ಕೊಂಡೋಯ್ತಾರೇನ್ಲಾ?” ಅಂದ ಪಕ್ಕದವನು.

ಹಾರ ಬದಲಾಯಿತು. ಚಿಕ್ಕವ್ವ ಮದುವಣಗಿತ್ತಿಯ ಹಾಗೆ ನಾಚಿದಳು. ಚಿಕ್ಕಪ್ಪ ಮತ್ತೆ ಕುಡಿಯಲಿಲ್ಲ, ಅದು ನಿಜ. ಅಂದಿನಿಂದ ಅವಳ ಬಾಯಲ್ಲಿ ಕುಡಿಯುತ್ತಿದ್ದವನು ‘ಅವನು’, ಈಗಿರುವವರು ‘ಇವರು’. ಒಂದೇ ಮನೆ, ಇಬ್ಬರು ಗಂಡಂದಿರು!

ಕಳೆದ ವಾರ ಹೆಮ್ಮಿಗೆಗೆ ಹೋಗಿದ್ದೆ. ಚಿಕ್ಕವ್ವನಿಗೆ ಬಹಳ ದಿನದಿಂದ ಕಿಬ್ಬೊಟ್ಟೆ ನೋವು.

“ನರಸೀಪುರದ ಡಾಕ್ಟ್ರು ರಕ್ತ ಪರೀಕ್ಷೆ ಬರ್ದವ್ರೆ ಕಣವ್ವ. ಯಜಮಾನ್ರೂ ಬರ್ಲಿ ಅಂದ್ರು. ಇವರ್ಯಾಕೆ? ಇವರು ದೇವರಂತೋರು. ಅವನಾಗಿದ್ರೆ ಸರಿ. ಅವನು ಸತ್ತು ಎಷ್ಟು ವರ್ಸಾಯ್ತು! ನಾ ಓಗಾಕಿಲ್ಲ ಬುಡು.”

ಏನೂ ಇಲ್ಲದಿರಬಹುದು. ಇದ್ದರೆ? ಕುಡಿತ ಆಣೆಗೆ ಬಗ್ಗುತ್ತದೆ, ಕಾಯಿಲೆ ಬಗ್ಗುತ್ತದೆಯೇ? ಅದು ಯಾವ ಹೊಳೆಯಲ್ಲಿ ಮುಳುಗುತ್ತದೆ? ಸಿಸ್ಟರ್ ಮಾತನ್ನು ಕೇಳಲೇಬೇಕಿದ್ದವರನ್ನು ಆ ಹೊತ್ತಿಗೇ ಹೂ ಕಟ್ಟಲು ಕಳಿಸಿದ್ದರಲ್ಲ!

ಚಿಕ್ಕಪ್ಪ ಜಗಲಿಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದರು. ಆಗಷ್ಟೇ ಸ್ನಾನ ಮುಗಿಸಿದ್ದರು. ಬಚ್ಚಲಿನಿಂದ ಜಗಲಿಯವರೆಗೆ ಒದ್ದೆ ಹೆಜ್ಜೆಗಳು. ನಾನು ಕೇಳಿದ್ದು ಒಂದೇ ಮಾತು:

“ಚಿಕ್ಕವ್ವನ ಜೊತೆ ಆಸ್ಪತ್ರೆಗೆ ಹೋಗೋರು ಯಾರು ಚಿಕ್ಕಪ್ಪ, ನೀವಾ, ಅವನಾ?”