ಮಾವನ ಹೆಗಲು, ಧನಿಗಳ ಮೋಟಾರು

ಆಗ ಮಂಗಳೂರಿನಲ್ಲಿ ಮೋಟಾರುಗಳು ಬೆರಳೆಣಿಕೆಯಷ್ಟೇ ಇದ್ದವು. ಒಳಗೆ ಅಕ್ಕಿ ಆರಿಸುತ್ತಾ ಕೂತವರಿಗೂ ಹೊರಗೆ ಹೋದದ್ದು ಯಾರ ಮೋಟಾರೆಂದು ಸ್ವರದಿಂದಲೇ ತಿಳಿಯುತ್ತಿತ್ತು. ಮಕ್ಕಳೇ, ನೀವು ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನಗೆ ಹತ್ತು ವರ್ಷ. ನವರಾತ್ರಿಯ ರಜೆಗೆ ಊರಿನಿಂದ ಮಣ್ಣಗುಡ್ಡಕ್ಕೆ, ಅಮ್ಮನ ಅಣ್ಣ ದೂಮಣ್ಣ ಮಾವನ ಮನೆಗೆ ಬಂದಿದ್ದೆ. ಮಾವ ಮನೆಯ ಪಕ್ಕದಲ್ಲೇ ತೆಂಗಿನ ಮಡಲು ಹೊದೆಸಿದ ಶೆಡ್ಡಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದರು. ಅಲ್ಲಿನ ಪೆಟ್ರೋಲು, ಸುಟ್ಟ ಎಣ್ಣೆಯ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ಯಾರಾದರೂ ಹೆಸರು ಕೇಳಿದರೆ ಕಂಬದ ಹಿಂದೆ ಅಡಗುವವಳು ನಾನು. ಆದರೂ ಶೆಡ್ಡಿನಲ್ಲಿ ನನಗೊಂದು ಕೆಲಸವಿತ್ತು.

ವರ್ಷಗಟ್ಟಲೆ ತಗಡು ಬಡಿದು ಮಾವನ ಕಿವಿ ಮಂದವಾಗಿತ್ತು. ಎದುರಿದ್ದವರ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಗೊತ್ತಾದರೆ ಯಾರೂ ಮೋಟಾರು ತರಲಿಕ್ಕಿಲ್ಲವೆಂಬ ಹೆದರಿಕೆ. ಇಂಜಿನ್ ಚಾಲೂ ಆದಾಗ ನಾನು ಹಿಂದೆ ನಿಂತು ಅವರ ಹೆಗಲ ಮೇಲೆ ಕೈ ಇಡುತ್ತಿದ್ದೆ. ಸ್ವರ ಹುಲಿವೇಷದ ತಾಸೆ ವಾದ್ಯದ ಹಾಗೆ ಕೀರಲಾದರೆ ಒಂದು ಬೆರಳು ಒತ್ತಬೇಕು. ಡೋಲಿನ ಹಾಗೆ ಎದೆಗೆ ಬಡಿದರೆ ಇಡೀ ಅಂಗೈ, ಅಂದರೆ ಸರಿಯಾಯಿತೆಂದು.

ಒಂದು ದಿನ ಧನಿಗಳೊಬ್ಬರು ಹಡಗಿನಲ್ಲಿ ತರಿಸಿದ ಎರಡೇ ಸೀಟಿನ ಕೆಂಪು ರೇಸು ಮೋಟಾರು ತಂದರು.

"ದೂಮ, ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳ್ತದೆ. ಹುಲಿ ಗುರುಗುಟ್ಟಿದ ಹಾಗೆ ಆಗ್ಬೇಕು. ಆಗದಿದ್ರೆ ಹೇಳು, ಮದ್ರಾಸಿಗೆ ಕಳಿಸ್ತೇನೆ."

"ಆಗ್ತದೆ ಧನಿಗಳೇ."

ಹೊಗೆಕೊಳವೆಯ ಹೊಟ್ಟೆಯೊಳಗೆ ತೂತು ತೂತಿನ ಬಿಲ್ಲೆಯೊಂದಿತ್ತು. ಅದು ಹಿಂದೆ ಮುಂದೆ ಸರಿದರೆ ಸ್ವರ ಬದಲಾಗುತ್ತಿತ್ತು. ಮಾವ ಬಗ್ಗಿದರು, ನಾನು ಕೈ ಇಟ್ಟೆ.

"ಎಂತ ಮಾರಾಯ, ಈ ಹುಡುಗಿ ನಿನ್ನ ಬೆನ್ನಿಗೆ ಅಂಟಿದ್ದು?" ಎಂದರು ಧನಿಗಳು. "ಹೋಗು ಮಗು, ಅಡುಗೆಮನೆ ಉಂಟಲ್ಲ ನಿನಗೆ."

ಒಳಗೆ ಓಡಿದೆ. ಅತ್ತೆ ಬಟ್ಟಲಲ್ಲಿ ಕಡಲೆ ಬೆರೆಸಿದ ಅವಲಕ್ಕಿ, ಕಡ್ಲೆ ಬಜಿಲ್ ಕೊಟ್ಟರು. ಹೊರಗೆ ಬರೀ ತಾಸೆಯ ಸ್ವರ, ಸಲ ಸಲಕ್ಕೂ ಇನ್ನಷ್ಟು ಕೀರಲು. ಮಾವ ಬಿಲ್ಲೆಯನ್ನು ತಪ್ಪು ಕಡೆಗೆ ಸರಿಸುತ್ತಿದ್ದರು.

"ನಿನಗೆ ಕಿವಿ ಇಲ್ವಾ?" ಧನಿಗಳ ನಗು ಕೇಳಿತು.

ಬಟ್ಟಲು ಕೆಳಗಿಟ್ಟೆ.

"ಎಲ್ಲಿಗೆ ಹೊರಟದ್ದು? ಗಂಡಸರ ಎದುರು ನಿಲ್ಲಲಿಕ್ಕಾ?" ಎಂದು ಅತ್ತೆ ಕೂಗಿದರು. ಹೌದು, ಅದಕ್ಕೇ. ಶೆಡ್ಡಿಗೆ ಹೋದೆ. ಧನಿಗಳು ನೋಡುತ್ತಿದ್ದಂತೆಯೇ ಮಾವನ ಹೆಗಲ ಮೇಲೆ ಕೈ ಇಟ್ಟು ಒಂದು ಬೆರಳು ಒತ್ತಿದೆ.

"ರಿಪೇರಿ ಮಾಡುದು ನೀನಾ, ಅವಳಾ?"

ಮಾವ ಅಷ್ಟರಲ್ಲಿ ತಿರುಗಿ ಧನಿಗಳ ತುಟಿ ನೋಡಿದ್ದರು, ಎದ್ದು ನಿಂತರು. ಏನಾದರೊಂದು ಸುಳ್ಳು ಹೇಳಬಹುದಿತ್ತು.

"ಕೈ ನನ್ನದು ಧನಿಗಳೇ, ಕಿವಿ ಇವಳದ್ದು. ನನಗೆ ಕೇಳುದಿಲ್ಲ. ಬೇಡದಿದ್ರೆ ಮೋಟಾರು ಈಗ್ಲೇ ಕೊಂಡುಹೋಗಿ."

"ಕೊಂಡುಹೋಗುದು ಬೇಡ!" ಎಂದೆ. ನನ್ನ ಸ್ವರ ನನಗೇ ಹೊಸದು. "ಇನ್ನು ಸ್ವಲ್ಪವೇ ಉಂಟು."

ಮಾವ ಇಂಜಿನ್ ನಿಲ್ಲಿಸಿ ಬಿಲ್ಲೆಯನ್ನು ಎರಡು ನೂಲಿನಷ್ಟು ಹಿಂದಕ್ಕೆ ಸರಿಸಿ ಬೋಲ್ಟು ಬಿಗಿದರು. ಮತ್ತೆ ಚಾಲೂ ಮಾಡಿದಾಗ ಶೆಡ್ಡಿನ ಕಂಬವೂ ನನ್ನ ಎದೆಯೂ ಒಟ್ಟಿಗೆ ಅದುರಿದವು. ಇಡೀ ಅಂಗೈ ಒತ್ತಿದೆ. ಧನಿಗಳು ಮೋಟಾರು ಹತ್ತಿ ಹೋದರು.

ಸುದ್ದಿ ಹಬ್ಬಿತು. ಕೆಲವರು ಶೆಡ್ಡಿಗೆ ಬರುವುದನ್ನು ಬಿಟ್ಟರು. ಧನಿಗಳು ಬಿಡಲಿಲ್ಲ.

ಆ ಶೆಡ್ಡಿದ್ದಲ್ಲಿ ಈಗ ಮಹಡಿ ಮನೆ. ಮದುವೆಯಾದ ಮೇಲೆ ನನಗೇನು ಕೇಳಿಸಿತೆಂದು ಯಾರೂ ವಿಚಾರಿಸಲಿಲ್ಲ. ಈಗ ಮನೆಯೆದುರಿನ ಕೊಟ್ಟಾರದ ರಸ್ತೆಯಲ್ಲಿ ಹೋಗುವ ಅಷ್ಟೂ ಕಾರುಗಳಿಗೆ ಒಂದೇ ಸ್ವರವಂತೆ. ಇರಬಹುದು. ಮಾವನ ಮಂದ ಕಿವಿ ಈಗ ನನಗೂ ಬಂದಿದೆ. ನೆಂಟರು ಬಂದರೆ, "ಅಜ್ಜಿಗೆ ಕೇಳುದಿಲ್ಲ" ಎಂದು ನೀವು ನನ್ನನ್ನು ಒಳಗೇ ಕೂರಿಸುತ್ತೀರಿ.

ಇನ್ನು ಕೂರುವುದಿಲ್ಲ. ಚಾವಡಿಗೆ ಬಂದು ಎಲ್ಲರ ನಡುವೆ ಕೂರುತ್ತೇನೆ. ನಿಮ್ಮಲ್ಲೊಬ್ಬರು ಹಿಂದೆ ನಿಂತು ಹೆಗಲ ಮೇಲೆ ಕೈ ಇಡಿ. ಕೀರಲು ಮಾತಿಗೆ ಒಂದು ಬೆರಳು, ಒಳ್ಳೆಯದಕ್ಕೆ ಇಡೀ ಅಂಗೈ. ತುಟಿ ನೋಡಿ ಉತ್ತರ ನಾನು ಕೊಡುತ್ತೇನೆ.